ಹತ್ತಕ್ಕೆ ಕಟ್ಟಿದ ಕಿಡಿ

ನೋಡಿ, ಮತ್ತೆ ನಿಲ್ಲಿಸಿದಿರಿ. ನಾನು ಬಾಯಿ ತೆರೆದರೆ ಸಾಕು, ಒಬ್ಬರಿಗೆ ನೀರು ಬೇಕು, ಒಬ್ಬರಿಗೆ ಹೊದಿಕೆ ಸಾಲದು, ಇನ್ನೊಬ್ಬರಿಗೆ ಆಗಲೇ ಉಚ್ಚೆ ಬರುತ್ತೆ. ಇನ್ನೊಂದು ಸಲ ಯಾರಾದರೂ ಮಧ್ಯೆ ಬಾಯಿ ಹಾಕಿದರೆ ದೀಪ ಆರಿಸಿ ಎದ್ದು ಹೋಗ್ತೀನಿ. ಆಮೇಲೆ ಕತ್ತಲಲ್ಲಿ ನೀವುಂಟು, ನಿಮ್ಮ ದೆವ್ವ ಉಂಟು. ...ಸರಿ. ಕೇಳಿ. ಇಲ್ಲೇ ಕೇಳಿ ಇಲ್ಲೇ ಬಿಡಿ.

ಇದು ನಡೆದದ್ದು ನನ್ನ ಚಿಕ್ಕಮ್ಮನ ಮಗಳಿಗೆ. ಕಡ್ಡಿ ಅಂತ ಕರೀತೀವಲ್ಲ, ಅವಳಿಗೆ. ಮೈ ಕಡ್ಡಿಯ ಹಾಗಿದೆ ಅಂತ ಅಲ್ಲ. ಮಾತು ಕಡ್ಡಿ ಮುರಿದ ಹಾಗೆ, ಅದಕ್ಕೆ.

ಆ ರಾತ್ರಿ ಒಂಬತ್ತೂವರೆ. ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ಕಡ್ಡಿ ಒಬ್ಬಳೇ ಮನೆಗೆ ಬರುತ್ತಿದ್ದಳು. ದಾರಿಯಲ್ಲೊಂದು ಹಾಳುಬಾವಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಗಾಳಿ ಬಂದರೆ ಜಾಲರಿಯ ಒಂದು ಮೂಲೆ ಎದ್ದು ಬೀಳುತ್ತೆ. ಕಿರ್‍ರ್... ಠಣ್. ಕಿರ್‍ರ್... ಠಣ್.

ಕಟ್ಟೆಯ ಮೇಲೆ ಯಾರೋ ಕೂತಿದ್ದರು.

ಕಡ್ಡಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

"ನಾನೇ ಕಣೆ..."

ಅತ್ತಿಗೆ. ಅವಳ ತೀರಿಹೋದ ಅಣ್ಣನ ಹೆಂಡತಿ.

"ಕೂರೋಕೆ ಬೇರೆ ಜಾಗ ಸಿಗಲಿಲ್ವಾ ನಿನಗೆ? ಇನ್ನು ಸ್ವಲ್ಪದಲ್ಲಿ ನನ್ನ ಮಗು ತಬ್ಬಲಿ ಆಗ್ತಿತ್ತು."

ಅತ್ತಿಗೆ ನಗಲಿಲ್ಲ. "ವ್ಯಾನ್ ನಿಂತುಬಿಟ್ಟಿದೆ. ವೈರಿಂಗ್ ಮಾಡೋನು ಹೊಸ ಕಂಪ್ಯೂಟರ್ ಪೆಟ್ಟಿಗೆ ಹಾಕಿ ಕೊಟ್ಟ, ಟೈಮಿಂಗ್ ಕೂರಿಸೋದು ನನಗೆ ಬರಲ್ಲ ಅಂದ. ಬೆಳಿಗ್ಗೆ ಏಳಕ್ಕೆ ಹನ್ನೊಂದು ಮಕ್ಕಳು ಸ್ಕೂಲಿಗೆ ಹೋಗೋಕೆ ಕಾಯ್ತಿರ್ತಾರೆ."

"ನಾನು ಅದನ್ನ ಮುಟ್ಟಲ್ಲ ಅಂದಿದ್ದೀನಲ್ಲ."

"ಇನ್ಯಾರಿಗೆ ಬರುತ್ತೆ, ನೀನೇ ಹೇಳು."

ಕಿರ್‍ರ್... ಠಣ್.

ಯಾಕೆ ಮುಟ್ಟಲ್ಲ ಅನ್ನೋದು ಅತ್ತಿಗೆಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನನ್ನ ಹತ್ತಿರ ಅವಳು ಬಾಯಿ ಬಿಟ್ಟದ್ದೂ ಇದೆಲ್ಲ ಆದ ಮೇಲೆಯೇ.

ಅಣ್ಣ, ಕಡ್ಡಿ ಇಬ್ಬರೂ ಸೇರಿ ಗಾಡಿ ರಿಪೇರಿಯ ಶೆಡ್ ನಡೆಸುತ್ತಿದ್ದರು. ಹಳೇ ಎಂಜಿನ್ನಿಗೆ ಹೊರಗಿನಿಂದ ತಂದ ಕಂಪ್ಯೂಟರ್ ಪೆಟ್ಟಿಗೆ ಜೋಡಿಸೋ ಕೆಲಸ. ಎಂಜಿನ್ನಿನೊಳಗೆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಅಂತ ಅಪ್ಪಣೆ ಕೊಡೋದು ಆ ಪೆಟ್ಟಿಗೆ. ಕಿಡಿ ಹತ್ತು ಡಿಗ್ರಿಗೆ ಹಾರ್ತಿದೆ ಅಂತ ಅದು ಅಂದುಕೊಂಡಾಗ ಎಂಜಿನ್ನಿನಲ್ಲಿ ನಿಜವಾಗಲೂ ಹತ್ತೇ ಇದೆಯಾ? ಅದನ್ನ ಕಣ್ಣಾರೆ ನೋಡಿಯೇ ಹೇಳಬೇಕು. ಅದಕ್ಕೆ ಮೊದಲು, ಪೆಟ್ಟಿಗೆಗೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಒಂದು ಚೌಕದೊಳಗೆ ಗುರುತು ಹಾಕಿ, ಕಿಡಿಯನ್ನ ಹತ್ತಕ್ಕೆ ಕಟ್ಟಿಹಾಕೋದು. ಆಮೇಲೆ ಒಬ್ಬರು ಬಾನೆಟ್ಟಿನ ಹತ್ತಿರ ನಿಂತು ಎಂಜಿನ್ನಿನ ಮುಂದೆ ತಿರುಗೋ ಗಾಲಿ, ಅಂದರೆ ಪುಲಿಯ ಮೇಲೆ ಮಿಂಚುದೀಪ ಬಿಡೋದು. ಒಂದೊಂದು ಕಿಡಿಗೆ ಒಂದೊಂದು ಮಿಂಚು. ಆ ಮಿಂಚಿನಲ್ಲಿ ಗಿರಗಿರ ತಿರುಗೋ ಪುಲಿ ನಿಂತ ಹಾಗೆ ಕಾಣುತ್ತೆ. ಅದರ ಮೇಲಿನ ಬಿಳಿ ಗೆರೆ ಎಷ್ಟನೇ ಡಿಗ್ರಿಗೆ ಎದುರಾಗಿದೆ ಅಂತ ಓದಿ ಕೂಗಬೇಕು. ಇನ್ನೊಬ್ಬರು ಒಳಗೆ ಕೂತು, ಗೆರೆ ಹತ್ತಕ್ಕೆ ಬರೋತನಕ ಅಂಕಿ ತಿದ್ದಬೇಕು. ಹಗಲಲ್ಲಿ ಮಿಂಚು ಸರಿಯಾಗಿ ಕಾಣಲ್ಲ, ಅದಕ್ಕೇ ಕತ್ತಲಾದ ಮೇಲೆ ಈ ಕೆಲಸ.

ದೀಪ ಅಣ್ಣಂದು, ಲ್ಯಾಪ್‌ಟಾಪ್ ಕಡ್ಡಿಯದು. ಅವನು ಅದರ ಒಂದು ಗುಂಡಿಯನ್ನೂ ಮುಟ್ಟಿದವನಲ್ಲ, ಪರದೆಯನ್ನೂ ಇಣುಕಿ ನೋಡಿದವನಲ್ಲ. "ಅದು ನಿನ್ನ ಅಡುಗೆಮನೆ, ನನಗೆ ಬಡಿಸಿದರೆ ಸಾಕು" ಅನ್ನೋನು.

ಗೆರೆ ಹತ್ತಕ್ಕೆ ಕೂತ ಮೇಲೆ ಆ ಚೌಕದ ಗುರುತು ತೆಗೆದುಬಿಡಬೇಕು. ತೆಗೆಯದಿದ್ದರೂ ನಿಂತ ಜಾಗದಲ್ಲಿ ಎಂಜಿನ್ ಚೆನ್ನಾಗೇ ಓಡುತ್ತೆ, ಮೋಸ ಗೊತ್ತಾಗಲ್ಲ. ರಸ್ತೆಗಿಳಿದು ಜೋರು ಮಾಡಿದಾಗ ಕಿಡಿ ಹತ್ತರಲ್ಲೇ ಸಿಕ್ಕಿಕೊಂಡು ತಡವಾಗುತ್ತೆ. ಒಳಗೆ ಉರಿಯಬೇಕಾದ ಬೆಂಕಿ ಹೊಗೆಕೊಳವೆಗೆ ನುಗ್ಗುತ್ತೆ. ಕೊಳವೆ ಕೆಂಡದ ಹಾಗೆ ಕೆಂಪಾಗುತ್ತೆ.

ಹೋದ ವರ್ಷ ಅಣ್ಣನ ಸ್ವಂತ ಕಾರಿಗೆ ಟೈಮಿಂಗ್ ಕೂರಿಸುತ್ತಿದ್ದರು. "ಹತ್ತು! ಸಾಕು!" ಅಂತ ಅವನು ಕೂಗಿದ. ಅದೇ ಹೊತ್ತಿಗೆ, ದೊಡ್ಡ ಟೈರಿನೊಳಗೆ ಬಟ್ಟೆ ಹಾಸಿ ಮಲಗಿಸಿದ್ದ ಕಡ್ಡಿಯ ಮಗು ಎದ್ದು ಕಿಟಾರನೆ ಕಿರುಚಿತು. "ಒಂದು ಕೆಲಸ ನೆಟ್ಟಗೆ ಮಾಡೋಕೆ ಬಿಡಲ್ವಲ್ಲೇ" ಅಂತ ಬೈಯುತ್ತಾ ಲ್ಯಾಪ್‌ಟಾಪ್ ಮುಚ್ಚಿ ಅವಳು ಎದ್ದುಹೋದಳು. ಮಗುವಿಗೆ ಹಾಲು ಕುಡಿಸುತ್ತಿದ್ದಾಗ ಬಾನೆಟ್ ಧಡಕ್ಕನೆ ಮುಚ್ಚಿದ ಸದ್ದು ಕೇಳಿಸಿತು. "ಏರಿನತನಕ ಹೋಗಿ ಬರ್ತೀನಿ ಕಣೇ" ಅಂದ.

ಬರಲಿಲ್ಲ.

ಏರಿನ ಅರ್ಧದಲ್ಲಿ ಕಾರಿಗೆ ಬೆಂಕಿ ಹತ್ತಿತ್ತು. ಪೆಟ್ರೋಲ್ ಪೈಪ್ ಸೋರಿರಬೇಕು ಅಂತ ಎಲ್ಲರೂ ಅಂದರು. ಸೋರಿತ್ತೋ ಏನೋ. ಆದರೆ ಸೋರಿದ್ದಕ್ಕೆ ಬೆಂಕಿ ಎಲ್ಲಿಂದ ಬಂತು? ಪೆಟ್ಟಿಗೆಯೂ ಸುಟ್ಟು ಕರಕಲಾಗಿತ್ತು, ಕೇಳೋಣ ಅಂದರೆ ಸಾಕ್ಷಿ ಇಲ್ಲ.

ಎದ್ದುಹೋಗೋ ಮೊದಲು ಗುರುತು ತೆಗೆದಿದ್ದಳಾ? ಕಡ್ಡಿಗೆ ತೆಗೆದ ಹಾಗೂ ನೆನಪು, ತೆಗೆಯದ ಹಾಗೂ ನೆನಪು. ಒಂದು ವರ್ಷ ಅದನ್ನೇ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಹೊತ್ತಳು. ಅತ್ತಿಗೆಯ ಮುಖ ನೋಡಿದಾಗಲೆಲ್ಲ ಆ ಕಲ್ಲು ಒಂದು ಸಲ ಹೊರಳೋದು.

ಅಂಥ ಅತ್ತಿಗೆ ಬಾವಿಕಟ್ಟೆಯ ಮೇಲೆ ಕೂತು ಕೇಳಿದರೆ ಇಲ್ಲ ಅನ್ನೋದು ಹೇಗೆ? ಹೋದಳು.

ಶೆಡ್ಡಿನೊಳಗೆ ಒಂದೇ ಬಲ್ಬು. ವ್ಯಾನಿನ ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದರು. ಅತ್ತಿಗೆ ಸ್ಟೀರಿಂಗಿನ ಹಿಂದೆ, ತೊಡೆಯ ಮೇಲೆ ಲ್ಯಾಪ್‌ಟಾಪ್. ನಡುವೆ ಬಾನೆಟ್ ಅಡ್ಡ, ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ.

ಗುರುತನ್ನ ಕಡ್ಡಿಯೇ ಹಾಕಿದಳು. "ಈ ಚೌಕ ಮುಟ್ಟಬೇಡ. ಇದು ನನಗಿರಲಿ. ನಾನು ಕೂಗಿದ ಹಾಗೆ ಈ ಅಂಕಿ ಮಾತ್ರ ಏರಿಸು, ಇಳಿಸು."

"ಯಾಕೆ, ಮುಟ್ಟಿದರೆ ಕಚ್ಚುತ್ತಾ?"

"ಹೇಳಿದಷ್ಟು ಮಾಡು ತಾಯಿ."

ಅತ್ತಿಗೆ ಕೀಲಿ ತಿರುವಿದಳು. ಚಿಕ್ ಚಿಕ್ ಚಿಕ್... ಗುರ್‍ರ್. ಎಂಜಿನ್ ಹತ್ತಿಕೊಂಡಿತು. ಕಡ್ಡಿ ಬಲ್ಬು ಆರಿಸಿ, ಬಗ್ಗಿ, ಮಿಂಚುದೀಪದ ಗುಂಡಿ ಒತ್ತಿದಳು. ಟಪ್ ಟಪ್ ಟಪ್ ಟಪ್. ಪುಲಿ ನಿಂತಿತು. ಬಿಳಿ ಗೆರೆ ಆರಕ್ಕಿತ್ತು.

ಆರು ಅಂತ ಕೂಗೋಕೆ ಬಾಯಿ ತೆರೆದಳು...

ಗೆರೆಯ ಪಕ್ಕದಲ್ಲಿ ಒಂದು ಕೈ ಇತ್ತು.

ಮಣಿಕಟ್ಟಿನತನಕ ಕಾಣುತ್ತಿತ್ತು. ಅದರ ಆಚೆ ಕತ್ತಲು. ಉಗುರಿನ ಸಂದಿಯಲ್ಲಿ ಕರಿ. ತೋರುಬೆರಳಿನ ತುದಿಗೆಣ್ಣು ಇಲ್ಲ. ಬಹಳ ಹಿಂದೆ ಫ್ಯಾನ್ ಬೆಲ್ಟ್ ತಿಂದ ಬೆರಳು ಅದು. ಅಣ್ಣಂದು.

ಗುಂಡಿ ಬಿಟ್ಟಳು. ಮಿಂಚಿಲ್ಲ. ಬೀದಿದೀಪದ ಮಬ್ಬಿನಲ್ಲಿ ಪುಲಿ ಸುಮ್ಮನೆ ತಿರುಗುತ್ತಿತ್ತು, ಇನ್ನೇನೂ ಇಲ್ಲ. ಮತ್ತೆ ಒತ್ತಿದಳು. ಟಪ್ ಟಪ್ ಟಪ್... ಕೈ ಅಲ್ಲೇ ಇತ್ತು, ಬೆಲ್ಟಿಗೆ ಒಂದೇ ಬೆರಳಿನ ದೂರದಲ್ಲಿ.

"ಕೈ ತೆಗಿಯೋ, ಬೆಲ್ಟಿದೆ!" ಅನ್ನಬೇಕು ಅಂತ ಅವಳಿಗೆ ಮೊದಲು ಅನ್ನಿಸಿದ್ದು. ಆಮೇಲೆ ಅನ್ನಿಸಿದ್ದು, ಆ ಕೈಗೆ ಇನ್ನೇನು ತಾನೇ ಆಗಬೇಕು ಅಂತ. ಅಷ್ಟಕ್ಕೇ ಅವಳ ಕಣ್ಣು ತುಂಬಿತು. ಹೆದರಿಕೆ ಇತ್ತು, ಇಲ್ಲ ಅನ್ನಲ್ಲ. ಆದರೆ ಓಡಬೇಕು ಅನ್ನಿಸಲಿಲ್ಲವಂತೆ. ನಾಲಿಗೆ ಮಾತ್ರ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಒಂದು ಅಂಕಿಯೂ ಹೊರಗೆ ಬರಲಿಲ್ಲ.

ಆದರೂ ಗೆರೆ ಸರಿಯಿತು. ಆರರಿಂದ ಎಂಟು... ಒಂಬತ್ತು... ಹತ್ತು. ನಿಂತಿತು.

ಮೋಟು ಬೆರಳು ಪುಲಿಯ ಪಕ್ಕದ ಕಬ್ಬಿಣವನ್ನ ಎರಡು ಸಲ ತಟ್ಟಿತು. ಟಕ್. ಟಕ್. ಆಮೇಲೆ ಎಂಜಿನ್ನಿನ ಸದ್ದು ಬದಲಾಯಿತು. ಬಿಗಿಹಿಡಿದ ಉಸಿರನ್ನ ಬಿಟ್ಟ ಹಾಗೆ. ಗೆರೆ ಹತ್ತನ್ನು ಬಿಟ್ಟು ಅತ್ತಿತ್ತ ಆಡಿತು. ಮಿಂಚಿನಲ್ಲಿ ಕೈ ಇರಲಿಲ್ಲ.

ಅತ್ತಿಗೆ ಎಂಜಿನ್ ಆರಿಸಿದಳು. ಬಿಸಿ ಕಬ್ಬಿಣ ಆರುವ ಸದ್ದು. ಟಿಂಗ್... ಟಿಂಗ್...

ಕಡ್ಡಿ ಬಾಗಿಲ ಹತ್ತಿರ ಬಂದು ಪರದೆ ನೋಡಿದಳು. ಚೌಕ ಖಾಲಿಯಾಗಿತ್ತು.

"ಇದನ್ನ ಯಾರು ತೆಗೆದದ್ದು?" ಪಿಸುದನಿ.

"ನಾನೇ."

"ಮುಟ್ಟಬೇಡ ಅಂದಿದ್ನಲ್ಲ."

"ತೆಗಿ ಅಂದರಲ್ಲ..."

ಯಾರು ಅಂತ ಕಡ್ಡಿ ಕೇಳಲಿಲ್ಲ. ಅತ್ತಿಗೆಯ ಗಲ್ಲದಿಂದ ನೀರು ಲ್ಯಾಪ್‌ಟಾಪಿನ ಗುಂಡಿಗಳ ಮೇಲೆ ಬೀಳುತ್ತಿತ್ತು.

"ಕೂಗಿದ್ದು ನೀನಲ್ಲ ಅಂತ ಆರು ಅಂದಾಗಲೇ ಗೊತ್ತಾಯ್ತು ಕಣೆ. ಎಂಟು ಅಂದರು. ಒಂಬತ್ತು. ಹತ್ತು, ಸಾಕು ಅಂದರು. ಬಗ್ಗಿ ನೋಡಿದರೆ ನಿಲ್ಲಿಸಿಬಿಡ್ತಾರೇನೋ ಅಂತ ನೋಡಲಿಲ್ಲ..."

ನಂಬದಿದ್ದರೆ ಬಿಡಿ, ನನಗೇನು? ಕಡ್ಡಿ ಸುಳ್ಳು ಹೇಳೋಳಲ್ಲ. ನನ್ನ ಮದುವೆಯ ದಿನವೇ "ಗಂಡು ಸ್ವಲ್ಪ ಪೆದ್ದು" ಅಂತ ಮುಖಕ್ಕೆ ಹೇಳಿದವಳು. ಅತ್ತಿಗೆಯನ್ನ ಬೇರೆಯಾಗಿ ಕೂರಿಸಿ ನಾನೇ ಕೇಳಿದೆ, ಅವಳೂ ಅದನ್ನೇ ಹೇಳಿದಳು. ಕಂಡವಳಿಗೆ ಕೇಳಿಸಿಲ್ಲ, ಕೇಳಿದವಳಿಗೆ ಕಂಡಿಲ್ಲ. ಬದುಕಿರುವಾಗ ಪರದೆ ಇಣುಕಿ ನೋಡದವನಿಗೆ ಆ ಚೌಕ ಯಾವ ಪಕ್ಕದಲ್ಲಿದೆ ಅಂತ ಹೇಗೆ ಗೊತ್ತಾಯ್ತು ಅಂತ ನನ್ನ ಕೇಳಬೇಡಿ. ನಡೆದದ್ದು ನಡೆದ ಹಾಗೆ ಹೇಳ್ತಿದ್ದೀನಿ.

ಅವತ್ತು ಶೆಡ್ಡಿನಲ್ಲಿ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಖಾಲಿ ಚೌಕದ ಮೇಲೆ ಬೆರಳಿಟ್ಟು, ಕಡ್ಡಿಯ ಮುಖ ನೋಡಿದಳು.

"ಬಲಗಡೆಯ ಚೌಕದ ಗುರುತು ತೆಗಿ, ಮರೀಬೇಡ ಅಂತ ಎರಡೆರಡು ಸಲ ಹೇಳಿದರು... ಮರೆತರೆ ಏನಾಗುತ್ತೆ ಕಣೆ?"