ಅಂಗುಸ್ತಾನ ತೊಟ್ಟ ಬೆರಳು

ಸ್ಪರ್ಶವನ್ನು ಅರಿಯುವುದು ತ್ವಗಿಂದ್ರಿಯ, ಅಂದರೆ ನಮ್ಮ ಚರ್ಮ ಎಂದು ಶಾಸ್ತ್ರಕಾರರು ಹೇಳಿದ್ದನ್ನು ಈ ಪ್ರವಚನದಲ್ಲಿ ಈಗತಾನೆ ವಿವರಿಸಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದ್ದನ್ನೂ ಕಂಡೆ. ಇರಲಿ, ಒಂದು ಕಥೆಯಿಂದಲೇ ಹೇಳೋಣ.

ಒಂದೂರಿನಲ್ಲಿ ಒಬ್ಬಳು ಶ್ರೀಮಂತೆ ಇದ್ದಳು. ಚಿನ್ನದ ಶ್ರೀಮಂತೆಯಲ್ಲ, ನೋಡಿ, ಚಿಂದಿಯ ಶ್ರೀಮಂತೆ! ಮೂರು ಟ್ರಂಕುಗಳ ತುಂಬ ಹಳೆಯ ಸೀರೆ, ಧೋತರ, ಕುಪ್ಪಸದ ತುಣುಕು. ಅವನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವುದು ಆಕೆಗೆ ಹೊಟ್ಟೆಪಾಡಲ್ಲ, ಹವ್ಯಾಸ. ಊರಿನಲ್ಲಿ ಆಕೆಯ ಕೌದಿ ಹೊದೆಯದ ಕೂಸಿಲ್ಲ.

ಪಕ್ಕದ ಊರಿನಲ್ಲಿ ಆಕೆಗೊಬ್ಬ ತಂಗಿ. ತಾಯಿ ತೀರಿಕೊಂಡಾಗ ಆಕೆಯ ಒಂದು ಇಳಕಲ್ ಸೀರೆಗಾಗಿ ಇಬ್ಬರೂ ಜಗಳವಾಡಿದರು, ಕೊನೆಗೆ ಅದನ್ನು ನಡುವೆ ಕತ್ತರಿಸಿ ಹಂಚಿಕೊಂಡರು. ಸೀರೆಯೊಡನೆ ಮಾತೂ ತುಂಡಾಯಿತು. ಎರಡು ವರ್ಷ! ಈಗ ತಂಗಿಗೆ ಮೊಮ್ಮಗಳು ಹುಟ್ಟಿದ್ದಾಳೆ, ಶುಕ್ರವಾರ ತೊಟ್ಟಿಲ ಶಾಸ್ತ್ರ ಎಂಬ ಸುದ್ದಿ ಯಾರ ಬಾಯಿಂದಲೋ ಬಂತು. ಅಕ್ಕನ ಕರುಳು ಕೇಳೀತೆ? ತನ್ನ ಪಾಲಿನ ಅರ್ಧ ಸೀರೆಯನ್ನೇ ನಡುವೆ ಇಟ್ಟು ಆ ಕೂಸಿಗೆ ಕೌದಿ ಹೊಲಿಯಲು ಕುಳಿತಳು. ಆದರೆ ಕರೆಯದೆ ಹೋಗುವುದು ಹೇಗೆ?

ಸೋಮವಾರ ಮಧ್ಯಾಹ್ನ ಆಕೆಯ ಹೊಸ ಫೋನು ಹಾಡಿತು. ತೆರೆಯ ಮೇಲೆ ತಂಗಿಯ ಮುಖ! ಎಡಗೈಯಲ್ಲಿ ಕೌದಿ, ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಸೂಜಿ, ಬಿಡುವಂತಿಲ್ಲ. ನಡುಬೆರಳಿಗೆ ಸೂಜಿ ಚುಚ್ಚದಂತೆ, ಒಳಗೆ ಬಟ್ಟೆ ಸುತ್ತಿ ತೊಟ್ಟ ಹಿತ್ತಾಳೆಯ ಟೊಪ್ಪಿಗೆ, ಅಂಗುಸ್ತಾನ. ಅದೇ ಬೆರಳಿನಿಂದ ಹಸಿರು ಗುಂಡಿಯನ್ನು ಒತ್ತಿದಳು. ಟಿಕ್, ಟಿಕ್, ಟಿಕ್. ಫೋನು ಹಾಡಿ ಹಾಡಿ ಸುಮ್ಮನಾಯಿತು.

"ನೋಡಿದೇನ? ನಾ ಎತ್ತೂದರಾಗ ಕಟ್ ಮಾಡ್ತಾಳ! ಸಣ್ಣಾಕಿದ್ದಾಗಿಂದ ಹಂಗ, ತಾಳ್ಮಿ ಅನ್ನೂದ ಇಲ್ಲ," ಎಂದು ಸೊಸೆಯೆದುರು ದೂರಿದಳು.

"ನೀವ ತಿರಗಿ ಹಚ್ರಿ, ಅತ್ತಿ."

"ನಾನ್ಯಾಕ ಹಚ್ಚಲಿ? ಹಿರೇಕಿ ನಾನು!"

ಮಂಗಳವಾರವೂ ಅದೇ ಹೊತ್ತು, ಅದೇ ಕಥೆ. ಫೋನೇ ಕೆಟ್ಟಿದೆ ಎಂದು ರಿಪೇರಿ ಅಂಗಡಿಗೆ ಒಯ್ದಳು. ಅಲ್ಲಿ ಒತ್ತಿದರೆ ತಕ್ಷಣ ಓಗೊಟ್ಟಿತು! ಅಂಗಡಿಯವನು ನಕ್ಕ: "ಅಮ್ಮಾರ, ಎಲ್ಲಾ ಚೊಲೋ ಐತ್ರಿ. ಇದಕ್ಕ ನಿಮ್ಮ ಮನಿ ಆಗಿಬರಂಗಿಲ್ಲೇನೋ!"

ಬುಧವಾರ ಮತ್ತೆ ತಂಗಿಯ ಮುಖ. ಮತ್ತೆ ಟಿಕ್, ಟಿಕ್. ಈ ಸಲ ಸೊಸೆ ಪಕ್ಕದಲ್ಲೇ ಇದ್ದಳು. ನಗು ತಡೆಯಲಾರದೆ ಗೋಡೆಗೆ ಒರಗಿದಳು. "ಅತ್ತಿ, ಬೆರಳಾಗಿನ ತಗಡು ತಗೀರಿ! ಅದಕ್ಕ ಚರ್ಮ ತಾಗಬೇಕ್ರಿ!"

ಅಷ್ಟರಲ್ಲಿ ಫೋನಿನ ಹಾಡು ನಿಂತೇಹೋಯಿತು. ಆಕೆ ಅಂಗುಸ್ತಾನ ತೆಗೆದಳು. ಅದು ಸುಲಭವಾಗಿ ಬಂತು. ಆದರೆ 'ಹಿರೇಕಿ ನಾನು' ಎಂಬ ಇನ್ನೊಂದು ಅಂಗುಸ್ತಾನವಿತ್ತಲ್ಲ? ಅದನ್ನು ತೆಗೆಯಲು ಬಹಳ ಹೊತ್ತು ಬೇಕಾಯಿತು. ಕೊನೆಗೆ ತಾನೇ ಫೋನು ಹಚ್ಚಿದಳು.

"ಮೂರು ದಿನ ಆತಲ್ಲಕ್ಕಾ, ನನ್ನ ಮಾರಿ ನೋಡೂದೂ ಬ್ಯಾಡಾತೇನು?" ಎಂದಳು ತಂಗಿ. "ತೊಟ್ಟಿಲಿಗೆ ಕರೀಲಿಕ್ಕೆ ಇವತ್ತ ಕಡೀ ಸಲ ಅಂತ ಮಾಡಿದ್ದೆ."

"ನನ್ನ ಪಾಲಿನ ಅವ್ವನ ಸೀರಿ ನಡುವ ಇಟ್ಟು ನಿನ್ನ ಮೊಮ್ಮಗಳ ಕೌದಿ ಹೊಲೀಲಿಕ್ಕೆ ಕುಂತಿದ್ದೆ, ಹುಚ್ಚಿ. ಇನ್ನೇನು, ಹೊಟ್ಟಿ ತುಂಬಿಸಿ ಮುಚ್ಚೂದೈತಿ."

ಕೌದಿಯ ಕೊನೆಯ ಮೂಲೆಯನ್ನು ಹೊಲಿಯುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಇಡುತ್ತಾರೆ, ಅದನ್ನೇ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ.

ಆ ಕಡೆ ತಂಗಿ ಮೂಗೊರೆಸಿಕೊಂಡು ಹೇಳಿದಳು: "ಮುಚ್ಚಬ್ಯಾಡ. ಅವ್ವನ ಸೀರಿ ಇನ್ನರ್ಧ ನನ್ನ ಹತ್ರ ಐತಿ. ತೊಗೊಂಡು ಬರ್ತೀನಿ."

ನಗುತ್ತಿದ್ದೀರಿ. ನಗಿ. ಆದರೆ ಹೇಳಿ, ಆಕೆಯ ಫೋನು ಅಂಗಡಿಯಲ್ಲಿ ಮಾತ್ರ ಏಕೆ ಸರಿಯಾಗಿತ್ತು? ಅಂಗುಸ್ತಾನ ಮನೆಯಲ್ಲಿತ್ತು! ನಮ್ಮದೂ ಹಾಗೆಯೇ ಅಲ್ಲವೆ? ಹೊರಗೆ ಎಷ್ಟು ಮೃದು! ಬ್ಯಾಂಕಿನ ಮ್ಯಾನೇಜರರೆದುರು ಬೆಣ್ಣೆ, ಬೀಗರೆದುರು ಜೇನು. ಮನೆಯ ಹೊಸ್ತಿಲು ದಾಟಿದೊಡನೆ ಬೆರಳಿಗೆ ಹಿತ್ತಾಳೆ. ಆಮೇಲೆ ಹೆಂಡತಿ ಓಗೊಡುವುದಿಲ್ಲ, ಮಗ ಓಗೊಡುವುದಿಲ್ಲ ಎಂಬ ದೂರು. ಕೆಟ್ಟಿರುವುದು ಅವರೇ?

ಅಂಗುಸ್ತಾನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೂಜಿ ಹಿಡಿದವನಿಗೆ ಅದು ಬೇಕು. ಲೋಕದಲ್ಲಿ ಚುಚ್ಚುವ ಸೂಜಿಗಳು ಬಹಳ. ಆದರೆ ಪೂಜೆಗೆ ಕುಳಿತಾಗ ಕರನ್ಯಾಸ ಮಾಡುತ್ತೇವಲ್ಲ, ಒಂದೊಂದು ಬೆರಳಿಗೂ ಒಂದೊಂದು ಮಂತ್ರ, ಅದು ಎಂಥ ಬೆರಳಿಗೆ? ಬರಿಯ ಬೆರಳಿಗೆ. ದೇವರನ್ನು ಮುಟ್ಟುವ ಬೆರಳೇ ಮನೆಯವರನ್ನೂ ಮುಟ್ಟಲಿ.

ಇಂದು ಮನೆಗೆ ಹೋದಾಗ ಚಪ್ಪಲಿಯ ಜೊತೆಗೆ ಅದನ್ನೂ ಹೊರಗೆ ಕಳಚಿಡಿ. ಮಗನ ಮಾರ್ಕ್ಸು ಕೇಳುವ ಮೊದಲು ಅವನ ತಲೆಯ ಮೇಲೆ ಒಮ್ಮೆ ಕೈಯಿಡಿ. ಮತ್ತೆ, ಅವರೇ ಮೊದಲು ಮಾಡಲಿ ಎಂದು ಕಾಯುತ್ತಿರುವ ಆ ಒಂದು ಫೋನು ಇದೆಯಲ್ಲ, ಅದನ್ನು ನೀವೇ ಮಾಡಿ. ಯಾರಿಗೆ ಎಂದು ನನ್ನನ್ನು ಕೇಳಬೇಡಿ.

ಹಿಂದಿನ ಸಾಲಿನವರೇ, ಆಕಳಿಕೆ ನಿಂತಿತಲ್ಲ? ಹಾಗಾದರೆ ಆ ಹೆಸರು ನಿಮಗೂ ನೆನಪಾಗಿದೆ.