ಚರಗಿ ಸಪ್ಪಳ

ನಗಬ್ಯಾಡೋ ಸಿದ್ದಣ್ಣಾ. ಮೂಗು ಚಲೋ ಬಂದಿಲ್ಲ, ನನಗೂ ಗೊತ್ತೈತಿ. ಅವ್ವನ ಮೂಗು ಬರಿಯೂದು ಅಷ್ಟ ಹಗೂರೇನು? ಮೊಬೈಲು ಅಡ್ಡ ಹಿಡಿ... ಹಾಂ. ಆರ ತಿಂಗಳು ಕುಂತು ಮಾಡೇನಿ ಈ ಆಟ. 'ವಿದ್ಯಾವತಿ, ಇಂಡಿ' ಅಂತ ಮೊದಲಿಗೇ ಹೆಸರು ಬರತೈತಿ, ನೋಡಿದೇನು?

ಈಗ ನೀ ಅಂದ್ರ ನಾನು. ಅಡಿಗಿ ಮನ್ಯಾಗ ಕುಂತೀದಿ. ಪಡಸಾಲ್ಯಾಗ ಅವ್ವ, ಮಂಚದ ಮ್ಯಾಲೆ. ಲಕ್ವಾ ಹೊಡದು ಬಾಯಿ ಬಿದ್ದೈತಿ, ಕರಿಯಾಕ ಬರಂಗಿಲ್ಲ. ನೀರು ಬೇಕಂದ್ರ ಎಡಗೈಲೆ ಚಮಚಾ ತಗೊಂಡು ಚರಗಿ ಬಡೀತಾಳ. ಟಣ್. ಕೇಳಿದೇನು? ಅದ ಚರಗಿ, ಅದ ಚಮಚಾ. ನಾನ ರೆಕಾರ್ಡ್ ಮಾಡಿದ್ದು.

ಹೆಬ್ಬಟ್ಟಿಲೆ ಇಲ್ಲಿ ಒತ್ತಿದ್ರ ಏಳ್ತಿ, ನೀರು ಕುಡಿಸ್ತಿ, ಬಂದು ಕುಂದರ್ತಿ. ಮತ್ತ ಟಣ್. ಮತ್ತ ಏಳು... ಯಾಕ, ಬ್ಯಾಸರಾತೇನು? ನಾಕ ಸಲಕ್ಕ? ನಾ ಎರಡ ವರ್ಷ ಎದ್ದೇನೋ ಅಣ್ಣಾ. ನೀ ಐತವಾರಕ್ಕೊಮ್ಮೆ ತಾಳಿಕೋಟಿಯಿಂದ ಬರ್ತಿದ್ದಿ, ಬಾಳಿಹಣ್ಣು ತರ್ತಿದ್ದಿ. ತಪ್ಪಲ್ಲ ಬಿಡು, ಸಾಲಿ ಮಾಸ್ತರಗ ರಜಾ ಎಲ್ಲಿ ಸಿಗತಾವ. ಸುಮ್ನ ಹೇಳಿದೆ.

ಇದೆಂಥಾ ಆಟ ಅಂದ್ರ... ಗುದ್ದಾಟ ಇಲ್ಲ, ಗೆಲ್ಲೂದಿಲ್ಲ, ಖರೆ. ಕಥಿ ಓದಿದವರು 'ಅಯ್ಯ ಪಾಪ' ಅಂತಾರ, ಪುಸ್ತಕ ಮುಚ್ಚತಾರ. ಇಲ್ಲಿ ಹಂಗ ನಡ್ಯಂಗಿಲ್ಲ. ಇಲ್ಲಿ ನಿನ್ನ ಹೆಬ್ಬಟ್ಟು ಒತ್ತಬೇಕು. ಒತ್ತಲಿಲ್ಲಂದ್ರ ಅದೂ ನಿನ್ನ ಹೆಬ್ಬಟ್ಟ. ಸೋಲಾಪುರದಾಕಿ ಒಬ್ಬಾಕಿ ಆಡಿ ಮುಗಿಸಿ ಬರದಾಳ, ಎರಡ ದಿನ ಊಟ ಸೇರಲಿಲ್ಲಂತ. ಓದಿ ನನಗ ಖುಷಿ ಆತು. ಸುಳ್ಳ ಯಾಕ ಹೇಳ್ಲಿ.

ಏನು? ಮುಗಿಯೂದು ಹೆಂಗ? ಮುಗ್ಯಂಗಿಲ್ಲ. ಎಷ್ಟ ಸಲ ಎದ್ದರೂ ಮುಗ್ಯಂಗಿಲ್ಲ ಅದು... ಸೋಲಾಪುರದಾಕಿಗೆ? ಆಕಿಗೆ ಹೆಂಗ ಮುಗೀತಂದ್ರ... ಆಕಿ ಏಳಲಿಲ್ಲ. ಒಮ್ಮೆ ಏಳದ ಹಂಗ ಕುಂತಳು, ಮುಗೀತು. ಸಾಕು, ಮೊಬೈಲು ಕೊಡಿಲ್ಲಿ. ಚಹಾ ಮಾಡ್ತೇನಿ.

ಹೆಬ್ಬಟ್ಟು ಯಾಕ ತಗದಿ? ಒತ್ತೋ. ಅವ್ವ ಕರ್ಯಾಕತ್ತಾಳ ಅಣ್ಣಾ, ಒತ್ತು... ನನ್ನ ಮಾರಿ ಏನ ನೋಡ್ತಿ, ಅದನ್ನ ನೋಡು. ಬರೇ ಆಟ ಐತದು. ನಾ ಹೇಳಿದ್ನಲ್ಲ ನಿನಗ, ಅವ್ವ ಮಧ್ಯಾಹ್ನ ಮಲಗಿದಾಕಿ ಮಲಗಿದಲ್ಲೇ ಹ್ವಾದಳು, ಒಂದ ಸಪ್ಪಳ ಸೈತ ಆಗಲಿಲ್ಲಂತ. ಹೇಳಿದ್ನಿಲ್ಲೋ? ಮಾತಾಡು. ನಿನ್ನ ಕಾಲ ಬೀಳ್ತೇನಿ, ಒಮ್ಮೆ ಒತ್ತು...

ಸಪ್ಪಳ ನಿಂತಿತು.

ಎಷ್ಟಾದುವು, ಎಣಿಸಿದೇನು? ಹನ್ನೊಂದು. ಅವತ್ತೂ ಹನ್ನೊಂದ. ಒಲಿ ಮ್ಯಾಲೆ ಹಾಲಿತ್ತು, ಬಿಟ್ಟು ಹೋದ್ರ ಉಕ್ಕತಿತ್ತು ಅಂತ ಇಷ್ಟ ದಿನ ನನಗ ನಾನ ಹೇಳ್ಕೊಂಡೆ... ಹಾಲಿರಲಿಲ್ಲೋ ಅಣ್ಣಾ. ಎಣಸ್ಕೋತ ಕುಂತಿದ್ದೆ.