ಬಿಟ್ಟವಳಲ್ಲ

ಬಸ್ ನಿಲ್ದಾಣದಲ್ಲಿ ಅಜ್ಜಿ ಚೀಲದ ಹರಿದ ಕಿವಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ, ಫೋನಿನಲ್ಲಿ ಪುಕ್ಕಟೆ ಪಾಠ ಹೇಳುವ ಸಂಸ್ಥೆಯ ಟೀಚರು ಮತ್ತು ಅಲ್ಲಿನ ಕಂಪ್ಯೂಟರ್ ಕೆಲಸದವನು.

"ಪಾಠ ಮುಗಿಸಿದವರು, ಬಿಟ್ಟವರು. ಎರಡೇ ಗುಂಪು ಮಾಡಿದ್ದೀನಿ, ಟೀಚರ್."

"ತೀರಿಕೊಂಡವಳನ್ನ ಯಾವುದಕ್ಕೆ ಸೇರಿಸ್ತೀಯಪ್ಪಾ?"

"ಯಾರು ತೀರಿಕೊಂಡ್ರು?"

"ನರ್ಸ್ ಆಗ್ತೀನಿ ಅಂತಿದ್ದ ಹುಡುಗಿ. 'ಯಾಕಮ್ಮಾ ಪಾಠ ಬಿಟ್ಟೆ?' ಅಂತ ನಿನ್ನ ಕಂಪ್ಯೂಟರು ದಿನಾ ಫೋನ್ ಮಾಡುತ್ತೆ. ಎತ್ತೋದು ಅವಳಮ್ಮ. ನಿನ್ನೆ ಅವರೇ ನನಗೆ ಹೇಳಿದ್ರು."

"ಅಯ್ಯೋ! ಈಗಲೇ ನಿಲ್ಲಿಸ್ತೀನಿ."

"ಗದರೋದು ನಿಲ್ಲಿಸು. ಪಾಠ ಕಳಿಸು. ಮಗಳ ಬಾಕಿ ಪಾಠ ತಾವೇ ಕೇಳ್ತಾರಂತೆ."

"ಅವರಿಗೆ ನೀವೇನಂದ್ರಿ?"

"ಅವಳು ಹೋದಾಗಲೇ ಸಮಾಧಾನದ ಕಾಗದ ಬರೆದೆ. ಹಾಕೋಕೆ ಕೈ ಬರದೆ ತಿಂಗಳುಗಟ್ಟಲೆ ಬ್ಯಾಗಲ್ಲೇ ಇದೆ."

"ಕೊಡಿ, ಎದುರಿಗೇ ಅಂಚೆ ಡಬ್ಬಿ."

ಅಜ್ಜಿಯ ಸೂಜಿ ನಿಂತಿತು. ಟೀಚರು ಕೊಡಲಿಲ್ಲ. ತಾವೇ ಹೋಗಿ, ಕಾಗದವನ್ನು ಡಬ್ಬಿಯ ಬಾಯಲ್ಲಿ ಒಂದು ಗಳಿಗೆ ಹಿಡಿದಿದ್ದು, ಒಳಕ್ಕೆ ಬಿಟ್ಟು, ಬಸ್ ಹತ್ತಿದರು.